ಅಳಿಯನ ಜಾಗತಿಕ ರ‍್ಯಾಂಕು

ನನ್ನ ಮಗಳು ನಕಿತ್ತೊ ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆ ಎಂದು ಹೆಂಡತಿ ಹೇಳಿದಾಗ ಎಲ್ಲ ಅಪ್ಪಂದಿರೂ ಕೇಳುವ ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಯಾವ ಊರು, ಯಾರ ಮಗ, ಕುಡಿಯುತ್ತಾನೆಯೇ, ಇವೆಲ್ಲ ಹಳೇ ಕಾಲದ ವಿಚಾರಣೆ. ನಾನು ಕೇಳಿದ್ದು ಒಂದೇ.

"ಅವನು ಓದಿದ ವಿಶ್ವವಿದ್ಯಾಲಯ ಪ್ರಪಂಚದಲ್ಲಿ ಎಷ್ಟನೇದು?"

ಹೆಂಡತಿ ಅಡಿಗೆಗೆ ಮಟೋಕೆ ಬಾಳೆಕಾಯಿಯ ಸಿಪ್ಪೆ ತೆಗೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕಾಗುಲು ವಿಶ್ವವಿದ್ಯಾಲಯವಂತೆ. ಈಗ ಅಲ್ಲೇ ಪಾಠ ಹೇಳ್ತಾನಂತೆ. ಎಷ್ಟನೇದೋ ಯಾರಿಗೆ ಗೊತ್ತು. ಬಸ್ಸಲ್ಲಿ ಹೋದ್ರೆ ಜಿಂಜಾ ದಾಟಿದ ಮೇಲೆ ಸಿಗತ್ತೆ."

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ನಾನು ಲ್ವೇರಾ ವಿಶ್ವವಿದ್ಯಾಲಯದ ಜಾಗತಿಕ ಶ್ರೇಯಾಂಕ ಘಟಕದ ನಿರ್ದೇಶಕ. ಘಟಕ ಎಂದರೆ ನಾನು ಮತ್ತು ಒಂದು ಪ್ರಿಂಟರು. ಪ್ರಿಂಟರಿನದು ಕಾಯಂ ಹುದ್ದೆ, ನನ್ನದು ಗುತ್ತಿಗೆ. ಪ್ರಪಂಚದ ವಿಶ್ವವಿದ್ಯಾಲಯಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನಂಬರು ಕೊಡುವ ಸಂಸ್ಥೆಗಳು ಲಂಡನ್ನಿನಲ್ಲಿ, ಶಾಂಘೈಯಲ್ಲಿ, ಇನ್ನೂ ಎಲ್ಲೆಲ್ಲೋ ಇವೆ. ಅವರು ಕೇಳಿದ ಅಂಕಿ ಅಂಶಗಳನ್ನು ಕಳಿಸುವುದು, ಅವರು ಕೊಟ್ಟ ಸ್ಥಾನವನ್ನು ನಮ್ಮವರಿಗೆ ಬೇಸರವಾಗದಂತೆ ವಿವರಿಸುವುದು ನನ್ನ ಕೆಲಸ. ಎರಡನೆಯದಕ್ಕೇ ಹೆಚ್ಚು ಪಾಂಡಿತ್ಯ ಬೇಕು.

ಕಳೆದ ಪಟ್ಟಿಯಲ್ಲಿ ನಮಗೆ ಬಂದ ಸ್ಥಾನ ಒಂದು ಸಾವಿರದ ಐನೂರಾ ಒಂದು ಪ್ಲಸ್. ನಾವು ಪಟ್ಟಿಯೊಳಗೆ ಕಾಲಿಟ್ಟಿದ್ದೇ ಅದು ಮೊದಲ ಸಲ. ಕುಲಪತಿಗಳು ಹಿಗ್ಗಿ ಗೇಟಿನ ಮೇಲೆ ಬೋರ್ಡು ಹಾಕಿಸಿದರು. ಅಂಕಿ ಸಣ್ಣದಾಗಿಯೂ ಪ್ಲಸ್ ಗುರುತು ದೊಡ್ಡದಾಗಿಯೂ ಇರಲಿ ಎಂದು ಸಲಹೆ ಕೊಟ್ಟವನು ನಾನೇ. ಪ್ಲಸ್ಸನ್ನು ಪೇಂಟರು ಕೆಂಪು ಬಣ್ಣದಲ್ಲಿ ಬರೆದಿದ್ದರಿಂದ ಮೊದಲ ವಾರ ಕೆಲವರು ಜ್ವರಕ್ಕೆ ಔಷಧಿ ಕೇಳಿಕೊಂಡು ಒಳಗೆ ಬಂದರು.

ಇಂಥ ಮನೆಗೆ ಕಾಗುಲುವಿನ ಅಳಿಯ. ನಾನು ಅಂದೇ ಎಲ್ಲ ಪಟ್ಟಿಗಳನ್ನೂ ತಲೆಯಿಂದ ಕಾಲಿನವರೆಗೆ ಜಾಲಾಡಿದೆ. ನೊಬೆಲ್ ಬಹುಮಾನ ಎಣಿಸುವ ಪಟ್ಟಿಯಲ್ಲಿ ಇರಲಿಲ್ಲ (ಆ ಪಟ್ಟಿಯಲ್ಲಿ ನಾವೂ ಇಲ್ಲ, ಅದು ಬೇರೆ ವಿಷಯ). ಸಂಶೋಧನೆಯ ಉಲ್ಲೇಖಗಳನ್ನು ಎಣಿಸುವ ಪಟ್ಟಿಯಲ್ಲಿ ಇರಲಿಲ್ಲ. ಖ್ಯಾತಿಯನ್ನು ಅಳೆಯುವ ಪಟ್ಟಿಯಲ್ಲಿ ಇರಲಿಲ್ಲ. ಅಂತರ್ಜಾಲದಲ್ಲಿ ಎಷ್ಟು ಪುಟ ಇದೆ ಎಂದು ನೋಡುವ, ಯಾರನ್ನೂ ಬೇಡ ಎನ್ನದ ಉದಾರ ಪಟ್ಟಿಯಲ್ಲೂ ಇರಲಿಲ್ಲ. ಹೆಂಡತಿಗೆ ಬಂದು ವರದಿ ಒಪ್ಪಿಸಿದೆ.

"ನಾಲೊಂಗೊ, ಹುಡುಗ ಯಾವ ಪಟ್ಟಿಯಲ್ಲೂ ಇಲ್ಲ."

(ನಮಗೆ ಮೊದಲು ಹುಟ್ಟಿದ್ದು ಅವಳಿ. ಅವಳಿಯ ಅಮ್ಮ ಇಲ್ಲಿ ನಾಲೊಂಗೊ, ಅಪ್ಪ ಸಾಲೊಂಗೊ. ಈ ಬಿರುದು ಬಂದ ಮೇಲೆ ಸ್ವಂತ ಹೆಸರನ್ನು ಯಾರೂ ಕೇಳುವುದಿಲ್ಲ. ನನಗೆ ಯಾವ ಪಟ್ಟಿಯ ಸಹಾಯವೂ ಇಲ್ಲದೆ ಸಿಕ್ಕ ಒಂದೇ ಪದವಿ ಅದು.)

"ಪಟ್ಟೀಲಿ ಇಲ್ಲದೋರು ಎಲ್ಲಿರ್ತಾರೆ?" ಎಂದಳು.

"ಲೆಕ್ಕದ ಪ್ರಕಾರ ಎಲ್ಲೂ ಇಲ್ಲ."

"ಹಾಗಾದ್ರೆ ಮೊನ್ನೆ ಮಳೇಲಿ ನಕಿತ್ತೊನ ಗೇಟಿನ ತನಕ ಬಿಟ್ಟು, ಕೊಡೆ ಅವಳಿಗೇ ಕೊಟ್ಟು, ನೆನಕೊಂಡು ಹೋದೋನು ಯಾರು?"

"ಅದು ಮಾನದಂಡದಲ್ಲಿ ಬರೋಲ್ಲ."

ಭಾನುವಾರ ಅವಳನ್ನು ಸೋಫಾದ ಮೇಲೆ ಕೂರಿಸಿ ಸಮಾಧಾನವಾಗಿ ತಿಳಿಸಿ ಹೇಳಲು ನೋಡಿದೆ. ಒಬ್ಬ ಅಧ್ಯಾಪಕನಿಗೆ ಎಷ್ಟು ವಿದ್ಯಾರ್ಥಿಗಳು ಎಂಬುದಕ್ಕೆ ಅಂಕ ಇದೆ, ವಿದ್ಯಾರ್ಥಿಗಳು ಕಡಿಮೆಯಾದಷ್ಟೂ ಒಳ್ಳೆಯದು ಎಂದೆ. ಕಳೆದ ವರ್ಷ ಹಾಸ್ಟೆಲಿನಲ್ಲಿ ನೀರು ನಿಂತು ಹುಡುಗರು ಗುಂಪು ಗುಂಪಾಗಿ ಬಿಟ್ಟು ಹೋದರಲ್ಲ, ಆಗ ನಮ್ಮ ಅಂಕ ಸರಸರನೆ ಏರಿತು ಎಂದೆ. "ಎಲ್ಲರೂ ಹೋಗಿದ್ರೆ ಮೊದಲನೇ ಸ್ಥಾನ ಬರ್ತಿತ್ತೇನೋ," ಎಂದಳು. ಖ್ಯಾತಿ ಎಂದರೆ ದೇಶವಿದೇಶದ ವಿದ್ವಾಂಸರನ್ನು ನಿಮಗೆ ಯಾವುದು ಒಳ್ಳೆಯದೆನ್ನಿಸುತ್ತದೆ ಎಂದು ಕೇಳುವುದು ಎಂದೆ. "ನೋಡಿರ್ತಾರಾ?" ಎಂದಳು. ನೋಡಿರಬೇಕೆಂಬ ನಿಯಮವಿಲ್ಲ ಎಂದೆ. ಉಲ್ಲೇಖ ಎಂದರೆ ಬೇರೆಯವರು ಎಷ್ಟು ಸಲ ನಮ್ಮ ಹೆಸರು ಎತ್ತುತ್ತಾರೆ ಎಂಬ ಲೆಕ್ಕ ಎಂದೆ.

"ನಿಮ್ಮ ಹೆಸರನ್ನ ಅತಿ ಹೆಚ್ಚು ಎತ್ತೋದು ನಮ್ಮಮ್ಮ. ಒಳ್ಳೇದಕ್ಕಲ್ಲ."

"ಪಟ್ಟಿ ಅದನ್ನ ಕೇಳೋಲ್ಲ ಕಣೇ. ಎತ್ತಿದರೆ ಸಾಕು."

"ಆ ಪ್ಲಸ್ ಅಂತ ಬರೆದಿದೀರಲ್ಲ, ಅದು ಎಲ್ಲಿಯವರೆಗೆ?"

"ಅದಕ್ಕೆ ಮಿತಿ ಅಂತ ಇಲ್ಲ."

"ಅಂದ್ರೆ ಕಟ್ಟಕಡೇದೂ ನಿಮ್ಮದೇ ಇರಬಹುದು."

"ತಾಂತ್ರಿಕವಾಗಿ ಇರಬಹುದು," ಎಂದೆ. ಶಾಸ್ತ್ರದ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ವಿದ್ವತ್ತು ಒಮ್ಮೆ ಹರಿಯಲು ಶುರುವಾದರೆ ನಿಲ್ಲಿಸುವುದು ಕಷ್ಟ. ಬಿಡಿ ವಿಶ್ವವಿದ್ಯಾಲಯಗಳನ್ನಲ್ಲ, ದೇಶದೇಶಗಳ ಉನ್ನತ ಶಿಕ್ಷಣ ವ್ಯವಸ್ಥೆಗಳನ್ನೇ ಎದುರೆದುರು ಇಟ್ಟು ತೂಗುವ ಪಟ್ಟಿಯೂ ಒಂದು ಬಂದಿದೆ ಎಂದು ತೆರೆದು ತೋರಿಸಿದೆ. ಹೆಂಡತಿ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಬೆರಳು ಇಳಿಸಿದಳು.

"ಉಗಾಂಡಾ ಎಲ್ಲಿದೆ?"

"ಅವರು ಐವತ್ತು ದೇಶಕ್ಕೇ ನಿಲ್ಲಿಸಿದಾರೆ."

"ದೇಶಾನೇ ಪಟ್ಟೀಲಿ ಇಲ್ಲ, ನೀವು ಹುಡುಗನ್ನ ಹುಡುಕ್ತಿದ್ದೀರಿ," ಎಂದು ಎದ್ದು ಹೋದಳು. ಕನ್ನಡಕ ನನ್ನದು. ಅದನ್ನೂ ಹಾಕಿಕೊಂಡೇ ಹೋದಳು.

ಹುಡುಗನ ಕಡೆಯವರು ಬಳಗ ಕಟ್ಟಿಕೊಂಡು ಹೆಣ್ಣಿನ ಮನೆಗೆ ಬಂದು ಹೆಣ್ಣು ಕೇಳುವ ಶಾಸ್ತ್ರಕ್ಕೆ ನಮ್ಮಲ್ಲಿ ಕ್ವಂಜುಲ ಎನ್ನುತ್ತೇವೆ. ಅದು ಆದರೆ ಮದುವೆ ಆದಂತೆಯೇ. ಅದರಲ್ಲಿ ಹೆಣ್ಣಿನ ಅಪ್ಪ ಬಿಳಿ ಕಂಜು ನಿಲುವಂಗಿ ತೊಟ್ಟು, ಮೇಲೆ ಕೋಟು ಹಾಕಿ, ಗಂಭೀರವಾಗಿ ಕೂತಿರಬೇಕು. ಮಾತಾಡಕೂಡದು. ಎರಡು ಕಡೆಗೂ ಬಾಡಿಗೆ ವಾಗ್ಮಿಗಳಿರುತ್ತಾರೆ, ಜಗಳ ಆಡುವುದು ಅವರ ಕೆಲಸ. ಹುಡುಗನನ್ನು ಒಪ್ಪಿಕೊಳ್ಳುವುದು ಹುಡುಗಿಯ ಸೋದರತ್ತೆಯ ಕೆಲಸ. ಅವಳೇ ಸೆಂಗ. ಅವಳು ಹೋಗಿ ಆ ಗುಂಪಿನಲ್ಲಿ ಕೂತಿರುವ ಹುಡುಗನನ್ನು ಹುಡುಕಿ ಎದೆಗೆ ಹೂ ಸಿಕ್ಕಿಸಿದರೆ ಮುಗಿಯಿತು. ಹೆತ್ತ ಅಪ್ಪನ ಅಭಿಪ್ರಾಯಕ್ಕೆ ಇಡೀ ಕಾರ್ಯಕ್ರಮದಲ್ಲಿ ಎಲ್ಲೂ ಜಾಗ ಇಟ್ಟಿಲ್ಲ. ಹಿಂದಿನವರು ಅಪ್ಪಂದಿರನ್ನು ಕಂಡೇ ಈ ಪದ್ಧತಿ ಮಾಡಿರಬೇಕು.

ನಕಿತ್ತೊಳ ಸೆಂಗ ಎಂದರೆ ನನ್ನ ಅಕ್ಕ. ಕಲುಂಗುವಿನಿಂದ ಒಂದು ಚೀಲ ಕಡಲೆಕಾಯಿ ಹೊತ್ತುಕೊಂಡು ಬಂದಿಳಿದಳು. ನಾನು ವಿಷಯ ಪ್ರಸ್ತಾಪಿಸಿದೆ.

"ಅಕ್ಕಾ, ನಮ್ಮ ವಾಗ್ಮಿಯಿಂದ ಒಂದೇ ಒಂದು ಪ್ರಶ್ನೆ ಕೇಳಿಸ್ತೀನಿ. ಹುಡುಗನ ವಿಶ್ವವಿದ್ಯಾಲಯದ ಸ್ಥಾನ ಎಷ್ಟು ಅಂತ. ಸಮಾಧಾನದ ಉತ್ತರ ಬರೋ ತನಕ ನೀನು ಹೂ ಇಡಬೇಡ."

"ಬರದಿದ್ರೆ?"

"ಬರದಿದ್ರೆ ಊಟ ಮಾಡಿಸಿ ಕಳಿಸೋಣ."

"ಎರಿಸಾ, ನಿನಗೆ ಚಿಕ್ಕಂದಿನಲ್ಲಿ ಮಲೇರಿಯಾ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿದ್ದು ನಾನೇ. ಸರಿಯಾಗಿ ಹಾಕಲಿಲ್ವೇನೋ ಅನ್ನಿಸ್ತಿದೆ," ಎಂದಳು. ಆದರೂ ಹೆಣ್ಣಿನ ಅಪ್ಪ ಒಂದು ಆಸೆ ಹೇಳಿಕೊಂಡರೆ ಅದನ್ನು ತಳ್ಳಿಹಾಕುವುದು ಶುಭವಲ್ಲ ಎಂದು ಒಪ್ಪಿದಳು. ಒಂದೇ ಪ್ರಶ್ನೆ, ಅದೂ ಊಟ ತಣ್ಣಗಾಗುವುದರೊಳಗೆ.

ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಸಂಜೆ ನನ್ನ ಎದುರು ಬಂದು ಮಂಡಿಯೂರಿ ಚಹಾ ಇಟ್ಟಳು. ಎದ್ದು ಹೋಗಲಿಲ್ಲ.

"ಅಪ್ಪಾ, ಆ ಪ್ರಶ್ನೆಗೆ ಉತ್ತರ ಇಲ್ಲದೆ ಅವರು ವಾಪಸ್ ಹೋದ್ರೆ, ಇನ್ನೊಂದು ಕ್ವಂಜುಲಕ್ಕೆ ಶಾಮಿಯಾನ ಬುಕ್ ಮಾಡೋದು ಬೇಡ. ನಾನು ಇನ್ನೊಬ್ಬನ್ನ ಕರ್ಕೊಂಡು ಬರೋಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ನನಗೆ ನಿಜವಾಗಿ ಭಯವಾಯಿತು. ಈ ಹುಡುಗಿ ಹೇಳಿದ್ದನ್ನು ಮಾಡುವವಳು, ತಾಯಿಯ ಕಡೆಯ ರಕ್ತ. ಆದರೆ ಅಷ್ಟು ಹೊತ್ತಿಗೆ ನಾನು ಕುಲಪತಿಗಳಿಗೆ ಆಹ್ವಾನ ಕೊಟ್ಟು, 'ಶ್ರೇಯಾಂಕದ ಬಗ್ಗೆ ಒಂದು ಸ್ವಾರಸ್ಯಕರ ಚರ್ಚೆಯೂ ಇರುತ್ತದೆ ಸರ್' ಎಂದು ಹೇಳಿಬಿಟ್ಟಿದ್ದೆ. ಗುತ್ತಿಗೆ ನವೀಕರಣದ ಕಾಲ. ಚರ್ಚೆ ರದ್ದು ಮಾಡುವ ಧೈರ್ಯ ನನಗಿರಲಿಲ್ಲ.

ನಮ್ಮ ವಾಗ್ಮಿ ಸೆಂಪಾಲ. ಹಿಂದೆ ರೇಡಿಯೋದಲ್ಲಿ ಸಾವಿನ ಸುದ್ದಿ ಓದುತ್ತಿದ್ದವನು, ಈಗ ಮದುವೆಗಳಿಗೆ ಬಡ್ತಿ ಪಡೆದಿದ್ದಾನೆ. ಅವನನ್ನು ವಾರವಿಡೀ ಮನೆಗೆ ಕರೆಸಿ ತಯಾರಿ ಕೊಟ್ಟೆ. ಹುಡುಗನ ಕಡೆಯವರು ತಿರುಗಿ ನಮ್ಮ ಸ್ಥಾನ ಕೇಳಿದರೆ ಪ್ಲಸ್ಸನ್ನು ಹೇಗೆ ಉಚ್ಚರಿಸಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕೊನೆಗೆ ಬ್ರಹ್ಮಾಸ್ತ್ರ ಕೊಟ್ಟೆ. ವಿದೇಶೀ ಅಧ್ಯಾಪಕರ ಪ್ರಮಾಣ ಎಂಬ ವಿಭಾಗದಲ್ಲಿ ಲ್ವೇರಾಕ್ಕೆ ನೂರಕ್ಕೆ ತೊಂಬತ್ತೊಂಬತ್ತು ಅಂಕ. ಅಮೆರಿಕದ ಘಟಾನುಘಟಿಗಳಿಗೂ ಅಷ್ಟಿಲ್ಲ. ನಮ್ಮನ್ನು ಪಟ್ಟಿಗೆ ಎಳೆದು ತಂದದ್ದೇ ಆ ಅಂಕ. ಇದು ಪರಮ ಗುಟ್ಟು, ಎದುರು ಪಕ್ಷಕ್ಕೆ ಗೊತ್ತಾಗಕೂಡದು ಎಂದು ಆಣೆ ಹಾಕಿಸಿಕೊಂಡೆ.

ಶನಿವಾರ ನ್ಯೆಂಡೊದ ನಮ್ಮ ಅಂಗಳದಲ್ಲಿ ಎದುರುಬದುರಾಗಿ ಎರಡು ಶಾಮಿಯಾನ ಎದ್ದವು. ನಮ್ಮ ಕಡೆ ಮೊದಲ ಸಾಲಿನಲ್ಲಿ ಕುಲಪತಿ ಪ್ರೊಫೆಸರ್ ಕರುಗಾಬ, ಪಕ್ಕದಲ್ಲಿ ನಾನು, ಹಿಂದೆ ಎರಡು ಸಾಲು ನಮ್ಮ ಅಧ್ಯಾಪಕ ವೃಂದ. ಊಟವಿದ್ದ ಸಭೆಗೆ ನಮ್ಮ ಅಧ್ಯಾಪಕರ ಹಾಜರಿ ಯಾವಾಗಲೂ ಪೂರ್ತಿ. ಹೆಂಡತಿ ಮನೆಯ ಬಾಗಿಲ ಪರದೆಯ ಹಿಂದೆ ಹೆಂಗಸರ ಜೊತೆ ಕೂತಿದ್ದಳು. ಅಳಿಯನಾಗುವವನ ಎದುರು ಅತ್ತೆ ಬರುವಂತಿಲ್ಲ, ಮಾತಾಡುವಂತಿಲ್ಲ. ಆ ದಿನದ ಮಟ್ಟಿಗೆ ಗಂಡ ಹೆಂಡತಿ ಇಬ್ಬರಿಗೂ ಬಾಯಿಗೆ ಬೀಗ ಎಂದು ನನಗೆ ಸಮಾಧಾನವಿತ್ತು.

ಅಷ್ಟರಲ್ಲಿ ಗೇಟಿನ ಹೊರಗೆ ಒಂದು ಬೋಡಾ-ಬೋಡಾ ಬೈಕು ನಿಂತಿತು. ಹಿಂದಿನ ಸೀಟಿನಿಂದ ಇಬ್ಬರು ಇಳಿದರು. ಒಬ್ಬ ನಮ್ಮ ಸೆಂಪಾಲ. ಇನ್ನೊಬ್ಬ ಹುಡುಗನ ಕಡೆಯ ವಾಗ್ಮಿ ತಿಗವಲಾನ. ಪ್ರತಿ ಶನಿವಾರ ಎಲ್ಲಾದರೂ ಇಬ್ಬರೂ ಎದುರಾಳಿಗಳೇ ಆದ್ದರಿಂದ ಬಾಡಿಗೆ ಹಂಚಿಕೊಂಡು ಬರುವುದು ಅವರ ರೂಢಿಯಂತೆ. ದಾರಿಯುದ್ದಕ್ಕೂ ಮಾತಾಡಿಕೊಂಡೇ ಬಂದಿದ್ದರು. ಪರಮ ಗುಟ್ಟು ಒಂದೇ ಸೀಟಿನಲ್ಲಿ ಕೂತು ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ಶಾಸ್ತ್ರ ಶುರುವಾಯಿತು. ಸೆಂಪಾಲ ದಂಡ ಹಾಕುವುದರಲ್ಲಿ ನಿಪುಣ. ತಡವಾಗಿ ಬಂದಿರಿ, ದಂಡ. ಎಡಗಾಲು ಮುಂದಿಟ್ಟಿರಿ, ದಂಡ. ನಗುತ್ತೀರಿ, ದಂಡ. ಹುಡುಗನ ಕಡೆಯವರು ನಕ್ಕು ನಕ್ಕು ಕಟ್ಟಿದರು. ಆಮೇಲೆ ಸೆಂಪಾಲ ಗಂಟಲು ಸರಿಮಾಡಿಕೊಂಡು, ಸಾವಿನ ಸುದ್ದಿಯ ಹಳೆಯ ಧ್ವನಿಯಲ್ಲಿ, ನನ್ನ ಪ್ರಶ್ನೆ ಕೇಳಿದ.

"ಬಂದಿರೋ ಸೆಬೊಗಳೇ, ಮಹನೀಯರೇ, ಈ ಮನೆಯ ಯಜಮಾನರು ಪ್ರಪಂಚಾನ ಸಾಲಾಗಿ ನಿಲ್ಲಿಸಿ ಎಣಿಸೋರು. ಅವರ ಮಗಳನ್ನ ಕೇಳ್ತಾ ಇದ್ದೀರಿ. ನಿಮ್ಮ ಹುಡುಗ ಓದಿದ ವಿಶ್ವವಿದ್ಯಾಲಯ ಪ್ರಪಂಚದಲ್ಲಿ ಎಷ್ಟನೇದು?"

ಎದುರು ಶಾಮಿಯಾನದಲ್ಲಿ ಗುಸುಗುಸು ನಿಂತುಹೋಯಿತು. ಮಂಡಿಯೂರಿ ಕೂತಿದ್ದ ನಕಿತ್ತೊ ತಲೆ ಎತ್ತಿ ಸೀದಾ ನನ್ನನ್ನು ನೋಡಿದಳು. ಅಕ್ಕ ಹೂ ಹಿಡಿದುಕೊಂಡು ನಿಂತಿದ್ದಳು. ನಾನು ಕುಲಪತಿಗಳ ಕಡೆ ನೋಡಿದೆ, ಅವರು ತಲೆದೂಗಿದರು.

ತಿಗವಲಾನ ಎದ್ದ. "ಸೆಬೊ, ನಮ್ಮದು ಯಾವ ಪಟ್ಟೀಲೂ ಇಲ್ಲ," ಎಂದ. ಬಚ್ಚಿಡುತ್ತಾನೆ ಎಂದುಕೊಂಡಿದ್ದ ನನಗೆ ಸ್ವಲ್ಪ ನಿರಾಸೆಯಾಯಿತು. "ನಿಮ್ಮದು?"

"ಒಂದು ಸಾವಿರದ ಐನೂರಾ ಒಂದು," ಎಂದು ಸೆಂಪಾಲ ಒಂದು ಕ್ಷಣ ತಡೆದು, ನಾನು ಕಲಿಸಿದಂತೆಯೇ ಎದೆ ಉಬ್ಬಿಸಿ, "ಪ್ಲಸ್," ಎಂದ.

"ಪ್ಲಸ್ಸಿನ ಈಚೆಗೋ, ಆಚೆಗೋ?"

ಸಭೆ ನಕ್ಕಿತು. ನಾನು ಕಣ್ಣಲ್ಲೇ ಬ್ರಹ್ಮಾಸ್ತ್ರಕ್ಕೆ ಅಪ್ಪಣೆ ಕೊಟ್ಟೆ.

"ಅದಿರಲಿ," ಎಂದ ಸೆಂಪಾಲ. "ಲ್ವೇರಾದಲ್ಲಿ ಪಾಠ ಹೇಳೋರು ಬಹುಪಾಲು ವಿದೇಶದೋರು. ನೂರಕ್ಕೆ ತೊಂಬತ್ತೊಂಬತ್ತು ಅಂಕ. ಅಮೆರಿಕದಲ್ಲೂ ಇಷ್ಟಿಲ್ಲ."

"ನಮ್ಮ ಪುಣ್ಯ. ಅಂಥೋರನ್ನ ನಾವು ಹಳ್ಳಿ ಕಡೆಯೋರು ಯಾವತ್ತು ನೋಡಬೇಕು? ಇಲ್ಲಿಗೆ ಬಂದಿದ್ರೆ ಒಂದು ಸಲ ಎದ್ದು ನಿಂತು ದರ್ಶನ ಕೊಡಲಿ," ಎಂದು ತಿಗವಲಾನ ಕೈ ಮುಗಿದ.

ಸೆಂಪಾಲ ಮೈಕು ಹಿಡಿದು ನಮ್ಮ ಅಧ್ಯಾಪಕ ವೃಂದದ ಕಡೆ ತಿರುಗಿದ. "ಲ್ವೇರಾದ ಗುರುಗಳೇ, ಒಬ್ಬೊಬ್ಬರೇ ಎದ್ದು ನಿಮ್ಮ ಎಗ್ವಾಂಗ ಯಾವುದು ಅಂತ ಹೇಳಿ."

ಮೈಕು ಮೊದಲನೆಯವರ ಕೈಗೆ ಹೋಯಿತು. "ಮುಗಿಶು," ಎಂದರು ಇತಿಹಾಸದವರು. "ಮುಕಿಗ," ಎಂದರು ರಸಾಯನಶಾಸ್ತ್ರದವರು. ಮುತೋರೊ. ಮುಗ್ವೆರೆ. ಮುನ್ಯಾಂಕೋಲೆ. ಮೂವರು ಒಟ್ಟಿಗೇ ಎದ್ದು ಮುಗಾಂಡ ಎಂದರು. ಒಬ್ಬೊಬ್ಬರು ಕೂರುವಾಗಲೂ ಚಪ್ಪಾಳೆ. ತಮ್ಮ ಜನಾಂಗದ ಹೆಸರು ಮೈಕಿನಲ್ಲಿ ಕೇಳಿದರೆ ಚಪ್ಪಾಳೆ ಹೊಡೆಯದವರು ನಮ್ಮಲ್ಲಿ ಯಾರೂ ಇಲ್ಲ.

ಕಟ್ಟಕಡೆಗೆ ಗಣಿತದ ಠಕ್ಕರ್ ಎದ್ದರು. ಅಜ್ಜನ ಕಾಲದಿಂದ ಜಿಂಜಾದವರು, ಗುಜರಾತನ್ನು ಅವರು ನೋಡಿಯೇ ಇಲ್ಲ. ಕೋಟು ಎಳೆದು ಸರಿಮಾಡಿಕೊಂಡು, ಶುದ್ಧ ಲುಗಾಂಡ ಭಾಷೆಯಲ್ಲಿ, "ನಾನು ಉಗಾಂಡದವನು," ಎಂದರು.

ಎಡವಟ್ಟು ಎಲ್ಲಾಗಿದೆ ಎಂದು ನನಗೆ ಹೊಳೆಯಿತು. ನಮ್ಮ ಭಾಷೆಯಲ್ಲಿ ಎಗ್ವಾಂಗ ಎಂದರೆ ದೇಶವೂ ಹೌದು, ಜನಾಂಗವೂ ಹೌದು. ಇಂಗ್ಲಿಷಿನಲ್ಲಿ ಕಳಿಸಿದ ಇಮೇಲಿಗೆ ಅಧ್ಯಾಪಕರು ಉತ್ತರಿಸುವುದಿಲ್ಲವೆಂದು ನಾನು ಜಾಣತನ ಮಾಡಿ ವಾಟ್ಸಾಪಿನಲ್ಲಿ ಲುಗಾಂಡದಲ್ಲೇ ಕೇಳಿದ್ದೆ, ನಿಮ್ಮ ಎಗ್ವಾಂಗ ಯಾವುದು ಎಂದು. ಅರ್ಧ ದಿನದಲ್ಲಿ ಎಲ್ಲರೂ ಉತ್ತರಿಸಿದ್ದರು. ಉಗಾಂಡ ಎಂದು ಬರೆದವರನ್ನು ಕಳೆದು ಉಳಿದವರನ್ನೆಲ್ಲ ವಿದೇಶೀಯರೆಂದು ಎಣಿಸು ಎಂದು ಕಂಪ್ಯೂಟರಿಗೆ ಹೇಳಿ ಊಟಕ್ಕೆ ಎದ್ದುಹೋಗಿದ್ದೆ. ಹೀಗಾಗಿ ಲಂಡನ್ನಿಗೆ ಹೋದ ಲೆಕ್ಕದಲ್ಲಿ ಇಡೀ ಲ್ವೇರಾದ ಏಕೈಕ ಸ್ವದೇಶಿ ಠಕ್ಕರ್. ಉಳಿದವರೆಲ್ಲ, ನಾನೂ ಸೇರಿ, ಪರದೇಶಿಗಳು.

ಕುಲಪತಿಗಳು ನನ್ನ ಕಡೆ ವಾಲಿದರು. ಬಹಳ ಮೃದುವಾಗಿ ಮಾತಾಡುವವರು ಅವರು.

"ಸಾಲೊಂಗೊ, ನಾನು ಯಾವ ದೇಶದವನು?"

"ನೀವು ಮುನ್ಯಾಂಕೋಲೆ ಅಂತ ಬರೆದಿದ್ರಿ ಸರ್," ಎಂದು ಪಿಸುಗುಟ್ಟಿದೆ.

"ಓಹೋ. ಸೋಮವಾರ ಬನ್ನಿ, ಮಾತಾಡೋಣ. ನನಗೆ ವೀಸಾ ಏನಾದ್ರೂ ಬೇಕಾಗತ್ತಾ ನೋಡ್ಕೊಂಡು ಬನ್ನಿ."

ಮಾನದಂಡ ಎಂಬ ಪದದಲ್ಲಿ ಮಾನ ಮೊದಲು ಹೋಗುತ್ತದೆ, ದಂಡ ಆಮೇಲೆ ಬರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಏಕೆಂದರೆ ತಿಗವಲಾನ ಸೆಂಗಳ ಕಡೆ ತಿರುಗಿ, "ಅಮ್ಮಾ, ಇಲ್ಲಿಯವರೆಗೆ ದಂಡ ಎಲ್ಲಾ ನಾವೇ ಕಟ್ಟಿದ್ದೀವಿ. ಪಕ್ಕದ ಮನೆಯೋರನ್ನ ವಿದೇಶದೋರು ಅಂದಿದ್ದಕ್ಕೆ ಏನಾದ್ರೂ ದಂಡ ಉಂಟೋ?" ಎಂದು ವಿನಯದಿಂದ ಕೇಳಿದ. ಅಕ್ಕ ನನಗೆ ಒಂದು ಮೇಕೆ ದಂಡ ಹಾಕಿದಳು. ಕ್ವಂಜುಲದಲ್ಲಿ ಹೆಣ್ಣಿನ ಅಪ್ಪ ದಂಡ ತೆತ್ತದ್ದನ್ನು ಅಲ್ಲಿದ್ದ ಮುದುಕರು ಯಾರೂ ಕಂಡಿರಲಿಲ್ಲವಂತೆ. ಮೊಬೈಲುಗಳು ಮೇಲೆದ್ದವು.

ಆದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿತ್ತು. ಮಾತು ಕೊಟ್ಟ 'ಸಮಾಧಾನದ ಉತ್ತರ' ಬಂದಿರಲಿಲ್ಲ. ಅಕ್ಕ ಒಮ್ಮೆ ಮಾತು ಕೊಟ್ಟರೆ ತನ್ನ ತಮ್ಮ ದಡ್ಡನೆಂದು ಸಾಬೀತಾದ ಮಾತ್ರಕ್ಕೆ ತಪ್ಪುವವಳಲ್ಲ. ಹೂ ಇನ್ನೂ ಅವಳ ಕೈಯಲ್ಲೇ ಇತ್ತು.

"ಲ್ವೇರಾ ಮೇಲೋ ಕೆಳಗೋ, ಅದು ಬೇರೆ," ಎಂದಳು. "ನಮ್ಮ ತಮ್ಮ ಕೇಳಿದ್ದಕ್ಕೆ ಉತ್ತರ ಬೇಕು. ನಿಮ್ಮ ಹುಡುಗನ್ನ ನಾವು ಯಾವುದರಿಂದ ಅಳೀಬೇಕು?"

ತಿಗವಲಾನ ಹಿಂದಕ್ಕೆ ಬಗ್ಗಿದ. ಗುಂಪಿನ ನಡುವೆ ಯಾರೋ ಅವನ ಕಿವಿಯಲ್ಲಿ ಏನೋ ಹೇಳಿದರು. ಕ್ವಂಜುಲದಲ್ಲಿ ಹುಡುಗನೂ ಬಾಯಿ ಬಿಡುವಂತಿಲ್ಲ, ಆದರೆ ಪಿಸುಗುಟ್ಟಬಾರದೆಂದು ಯಾರೂ ಹೇಳಿಲ್ಲ.

"ಅಮ್ಮಾ, ದೇಶದೇಶಗಳ ವಿದ್ಯೆ ಅಳೆಯೋ ಪಟ್ಟಿ ಒಂದಿದೆಯಂತೆ. ಅದರಲ್ಲಿ ಎರಡು ಭಾಗ. ಮೊದಲನೇದರಲ್ಲಿ ಯಾರ ಹತ್ತಿರ ಎಷ್ಟಿದೆ ಅಂತ ನೋಡ್ತಾರೆ, ಸಾಹುಕಾರರೇ ಮುಂದೆ ಬರ್ತಾರೆ. ಎರಡನೇದು ನ್ಯಾಯವಾದದ್ದು. ಒಂದು ದೇಶದ ಕೈಗೆ ಸಿಕ್ಕಿದ್ದು ಎಷ್ಟು, ಅಷ್ಟರಲ್ಲಿ ಅದು ಮಾಡಿ ತೋರಿಸಿದ್ದು ಎಷ್ಟು, ಅದನ್ನ ತೂಗಿ ಸ್ಥಾನ ಕೊಡ್ತಾರೆ. ಹಾಗೆ ನೋಡಿದಾಗ ಎಷ್ಟೋ ಸಾಹುಕಾರರು ಕೆಳಗೆ ಇಳೀತಾರಂತೆ. ಕಾಗುಲುವಿನಲ್ಲಿ ಹಾಸ್ಟೆಲ್ ಇಲ್ಲ, ಅರ್ಧ ಪಾಠ ಮಾವಿನ ಮರದ ಕೆಳಗೆ. ನಮ್ಮ ಹುಡುಗ ಬಲಿದಾವ ಅಲ್ಲೇ ಓದಿ ಅಲ್ಲೇ ಗುರು ಆಗಿದಾನೆ. ನೀವು ಆ ಎರಡನೇ ಕೋಲಲ್ಲಿ ಅಳೀರಿ."

ಅಕ್ಕ ನನ್ನ ಕಡೆ ನೋಡಿದಳು. "ಇಂಥದ್ದು ಉಂಟೇನೋ?"

ಮಾತಾಡುವಂತಿಲ್ಲವಲ್ಲ. ಉಂಟು ಎಂದು ತಲೆ ಆಡಿಸಿದೆ. ಆಗಲೇ ಹೇಳಿದೆನಲ್ಲ, ಶಾಸ್ತ್ರದ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಎದುರು ಪಕ್ಷಕ್ಕೆ ನಾನೇ ಸಾಕ್ಷಿ ಹೇಳಿದಂತಾಯಿತು.

ಅಕ್ಕನಿಗೆ ಆ ಕೋಲು ಬಹಳ ಹಿಡಿಸಿತು. "ಕೋಲು ಸರಿಯಾಗಿದೆಯೋ ಇಲ್ಲವೋ ಅಂತ ನಮ್ಮ ಮನೇಲೇ ಒಂದು ಸಲ ಅಳೆದು ನೋಡಿ ಹೇಳ್ತೀನಿ," ಎಂದವಳೇ ಸೀದಾ ಮನೆಯ ಬಾಗಿಲಿಗೆ ನಡೆದು, ಪರದೆಯ ಪಕ್ಕ ಬಗ್ಗಿ, "ನಾಲೊಂಗೊ, ನಿನ್ನ ಕೈಗೆ ನಾವು ಕೊಟ್ಟಿದ್ದು ಏನು, ನೀನು ಮಾಡಿದ್ದು ಏನು?" ಎಂದು ಕೇಳಿದಳು.

ಪರದೆಯ ಹಿಂದೆ ಹೆಂಗಸರ ನಗು ಕೇಳಿಸಿತು. ಆಮೇಲೆ ನನ್ನ ಹೆಂಡತಿಯ ಪಿಸುಮಾತು. ಅದನ್ನು ಅಕ್ಕ ಒಂದೊಂದೇ ವಾಕ್ಯ ಕೇಳಿಸಿಕೊಂಡು, ಇಡೀ ನ್ಯೆಂಡೊಗೆ ಕೇಳುವಂತೆ ಒಪ್ಪಿಸಿದಳು. ಮೈಕು ಬೇಕಾಗಲಿಲ್ಲ.

"ನಾನು ಇವರನ್ನ ತಗೊಂಡಾಗ ಇವರೂ ಯಾವ ಪಟ್ಟೀಲೂ ಇರಲಿಲ್ಲ ಅಂತಾಳೆ. ಒಂದು ಸೈಕಲ್ ಇತ್ತಂತೆ, ಅದಕ್ಕೆ ಬ್ರೇಕ್ ಇರಲಿಲ್ಲವಂತೆ. ಒಂದು ಬಾಯಿ ಇತ್ತಂತೆ, ಅದಕ್ಕೂ ಇರಲಿಲ್ಲವಂತೆ."

ಎರಡೂ ಶಾಮಿಯಾನಗಳು ಒಟ್ಟಿಗೆ ನಕ್ಕವು. ಅಕ್ಕ ಮತ್ತೆ ಬಗ್ಗಿ ಎದ್ದಳು.

"ಅಷ್ಟು ಸಾಮಾನಲ್ಲೇ ಒಂದು ಮನೆ ಮಾಡಿದೆ ಅಂತಾಳೆ. ಅವಳಿ ಮಕ್ಕಳನ್ನ ಸಾಕಿ, ಅವರ ಹಿಂದೆ ಹುಟ್ಟಿದೋಳನ್ನೂ ಓದಿಸಿದೆ ಅಂತಾಳೆ. ಇವರಿಗೆ ಕೋಟು ತೊಡಿಸಿ ನಿರ್ದೇಶಕರು ಅಂತ ನಾಲ್ಕು ಜನ ಕರೆಯೋ ಹಾಗೆ ಮಾಡಿದೆ ಅಂತಾಳೆ. ಕೊಟ್ಟಿದ್ದು ನೋಡಿ, ಮಾಡಿದ್ದು ನೋಡಿ, ಈ ಲೆಕ್ಕದಲ್ಲಿ ಪ್ರಪಂಚಕ್ಕೆ ನಾನೇ ಮೊದಲು, ಯಾವಳಾದರೂ ನನಗಿಂತ ಮುಂದಿದ್ದರೆ ಬಂದು ತೋರಿಸಲಿ ಅಂತಾಳೆ." ಅಕ್ಕ ಇನ್ನೊಮ್ಮೆ ಪರದೆಗೆ ಕಿವಿ ಕೊಟ್ಟಳು. ಕೊನೆಯ ಮಾತನ್ನು ಕೂಗಲಿಲ್ಲ, ಮೆಲ್ಲಗೆ ಹೇಳಿದಳು. "ನನ್ನ ಮಗಳಿಗೂ ಅದೇ ಅವಕಾಶ ಕೊಡಿ ಅಂತಾಳೆ."

ನಕಿತ್ತೊ ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು, ಸುಳ್ಳೇಕೆ ಹೇಳಲಿ, ಕಣ್ಣೂ ಒದ್ದೆಯಾಯಿತು. ಅಕ್ಕ ಸರಸರನೆ ಎದುರು ಶಾಮಿಯಾನಕ್ಕೆ ಹೋಗಿ, ತಿಗವಲಾನನ ಹಿಂದೆ ಕೂತಿದ್ದ ತೆಳ್ಳನೆಯ ಹುಡುಗನನ್ನು ತೋಳು ಹಿಡಿದು ಎಬ್ಬಿಸಿ ಎದೆಗೆ ಹೂ ಸಿಕ್ಕಿಸಿದಳು. ಹೆಂಗಸರು ಉಲುಲು ಹಾಕಿದರು. ಡೋಲು ಶುರುವಾಯಿತು.

ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಎಷ್ಟು ವರ್ಷದಿಂದ ಪ್ರಪಂಚದ ಪಟ್ಟಿಗಳ ಬಾಗಿಲು ಕಾಯುತ್ತಿದ್ದೇನೆ, ನಮ್ಮ ಮನೆಗೆ ಒಂದು ಪ್ರಥಮ ಸ್ಥಾನ ಬಂತೆಂದರೆ ಸಾಮಾನ್ಯವೇ. ಸೋಮವಾರದ ವಿಷಯ ಮರೆಸಲು ಇದೇ ಸಮಯವೆಂದು ಕುಲಪತಿಗಳ ಕಡೆ ತಿರುಗಿದೆ.

"ನೋಡಿದ್ರಾ ಸರ್, ನಮ್ಮ ಮನೆಯೋಳು ಪ್ರಪಂಚಕ್ಕೇ ಮೊದಲು. ವಿಧಾನ ಪಕ್ಕಾ ಇದೆ, ಯಾರೂ ಪ್ರಶ್ನೆ ಮಾಡೋ ಹಾಗಿಲ್ಲ."

ಅವರು ಅದೇ ಮೃದು ಧ್ವನಿಯಲ್ಲಿ ಕೇಳಿದರು.

"ಸಾಲೊಂಗೊ, ಆ ಎರಡನೇ ಪಟ್ಟಿಯಲ್ಲಿ ಮೊದಲು ಬರಬೇಕಾದ್ರೆ, ಮಾಡಿದ್ದು ಹೆಚ್ಚಿರಬೇಕು ಸರಿ. ಜೊತೆಗೆ ಕೈಗೆ ಸಿಕ್ಕಿದ ಸಾಮಾನು ಪ್ರಪಂಚದಲ್ಲೇ ಕಡೇ ದರ್ಜೆಯದಾಗಿದ್ರೆ ಇನ್ನೂ ಅನುಕೂಲ, ಅಲ್ವೇ?"

"ಹೌದು ಸರ್, ಅದೇ ಅದರ ವಿಶೇಷ," ಎಂದೆ. ಹೇಳಿದ ಮೇಲೂ ಒಂದಿಷ್ಟು ಹೊತ್ತು ಚಪ್ಪಾಳೆ ತಟ್ಟುತ್ತಲೇ ಇದ್ದೆ.